ತೆಕೋಲನ ಮೂರು ಚಾಕೊಲೇಟ್ ಅಚ್ಚು

ಬಹಳ ಬಹಳ ಹಿಂದೆ, ನಿಮ್ಮ ಅಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಮೂಡದಿದ್ದಾಗ, ಏಳು ಕಡಲಿನಾಚೆಯ ಮೆಕ್ಸಿಕೋ ಸೀಮೆಯಲ್ಲಿ ಕಕಾವಪುರಿ ಅಂತ ಒಂದು ರಾಜ್ಯವಿತ್ತು. ಹುಡುಕಲು ಹೋಗಬೇಡಿ, ಈಗಿಲ್ಲ. ಅಲ್ಲಿ ಬೆಳಗಾದರೆ ಸಾಕು, ಮನೆಮನೆಯಲ್ಲೂ ಕಲ್ಲಿನ ಸದ್ದು. ಕೋಕೋ ಬೀಜ ಹುರಿಯುವುದು, ಕಲ್ಲಿನ ಮೇಲೆ ಅರೆಯುವುದು, ಬೆಲ್ಲ ಬೆರೆಸಿ ಅಚ್ಚಿಗೆ ಹೊಯ್ಯುವುದು. ಚಾಕೊಲೇಟ್ ಮಾಡುವುದೇ ಅವರ ಕಸುಬು.

ಅವರಲ್ಲೆಲ್ಲ ಮಾಯಾವೆಲ್ ಎಂಬ ಹೆಂಗಸು ಕೈಗೂ ನಾಲಿಗೆಗೂ ಹೆಸರಾದವಳು. ಒಂದು ಚೂರು ಬಾಯಿಗಿಟ್ಟರೆ, ಅದರೊಳಗಿನ ಮೆಣಸಿನಕಾಯಿ ಯಾವ ಗುಡ್ಡದ್ದು, ಜೇನು ಯಾವ ಕಾಡಿನದು ಅಂತ ಥಟ್ಟನೆ ಹೇಳುತ್ತಿದ್ದಳು. ಅವಳಿಗೆ ಒಬ್ಬಳೇ ಮಗಳು, ಸಿತ್ಲಾಲಿ.

ಊರಾಚೆಯ ಗುಡ್ಡದ ಮೇಲೆ ತೆಕೋಲ ಎಂಬ ಮಾಂತ್ರಿಕನಿದ್ದ. ಅವನದೊಂದು ಪಂಥ. "ನನ್ನ ಮೂರು ಚಾಕೊಲೇಟ್ ಅಚ್ಚುಗಳ ರುಚಿ ನೋಡಿ. ಒಳಗೇನಿದೆ, ಯಾವ ನೆಲದ್ದು ಅಂತ ಹೇಳಿದವರು ಕೇಳಿದ್ದನ್ನು ಕೊಡುತ್ತೇನೆ. ಆದರೆ ಹಲ್ಲು ತಾಗಬಾರದು. ತಾಗಿತೋ, ಕಲ್ಲಾಗುತ್ತೀರಿ!"

ಇದೇನು ಮಹಾ ಅನ್ನಿಸಿತೇ? ಅಲ್ಲೇ ಇರುವುದು ಕುತ್ತು! ಅರೆಯುವವರಿಗೆ ಒಂದು ಚಾಳಿ. ನುಣ್ಣಗಾಯಿತೋ ಇಲ್ಲವೋ ಅಂತ ನೋಡಲು ಚೂರನ್ನು ಮುಂದಿನ ಹಲ್ಲಿನ ನಡುವೆ ಇಟ್ಟು ಕರ್ ಅನ್ನಿಸುತ್ತಾರೆ. ದಿನಕ್ಕೆ ಐವತ್ತು ಸಲ ಮಾಡುವ ಕೆಲಸ, ಮಾಡಿದ್ದೇ ಗೊತ್ತಾಗುವುದಿಲ್ಲ. ಹೋದವರೆಲ್ಲ ಕಲ್ಲಾದರು. ಗೆಳತಿಯರನ್ನು ಬಿಡಿಸಿ ತರುತ್ತೇನೆಂದು ಹೋದ ಮಾಯಾವೆಲ್ ಕೂಡ ಕಲ್ಲಾದಳು. ಆಗ ಸಿತ್ಲಾಲಿಗೆ ಹತ್ತು ವರ್ಷ.

ಏಳು ವರ್ಷ ಅವಳು ಅವ್ವನ ಅರೆಯುವ ಕಲ್ಲಿನ ಮೇಲೆ ಕೋಕೋ ಅರೆದಳು. ಹದಿನೇಳಾದ ದಿನ ಕೈ ತೊಳೆದುಕೊಂಡು ಗುಡ್ಡ ಹತ್ತಿದಳು.

ತೆಕೋಲನ ಅಂಗಳದ ತುಂಬ ಕಲ್ಲಿನ ಹೆಂಗಸರು. ಮೂರನೇ ಸಾಲಿನಲ್ಲಿ ಅವ್ವ! ಬಾಯಿ ಅರ್ಧ ತೆರೆದು ಹಾಗೇ ನಿಂತಿದ್ದಾಳೆ.

"ಏನು ಬೇಕು ಹುಡುಗಿ?" ಅಂದ ತೆಕೋಲ.

"ನಮ್ಮವ್ವ ಬೇಕು. ಇವರೆಲ್ಲರೂ ಬೇಕು."

"ಅಬ್ಬಾ, ಆಸೆಯೇ! ತಿನ್ನು ಹಾಗಾದರೆ."

ಒಂದು ಕಪ್ಪು ಚಿರತೆ ತಟ್ಟೆಯನ್ನು ಬಾಯಲ್ಲಿ ಕಚ್ಚಿಕೊಂಡು ಬಂತು. ತಟ್ಟೆ ಇಳಿಸಿ, ತನ್ನ ಕಿವಿಯನ್ನು ಅವಳ ಕೆನ್ನೆಗೆ ಒತ್ತಿ ಹಿಡಿಯಿತು. "ಹಲ್ಲಿನ ಸದ್ದು ನನಗೆ ಕೇಳಿಸುತ್ತೆ, ಜೋಕೆ," ಅಂದಿತು.

ಸಿತ್ಲಾಲಿ ಮೊದಲ ಅಚ್ಚನ್ನು ಮುರಿದಳು. ಟಕ್ ಅಂತು. ಮೂಸಿದಳು. ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ಅದು ಕರಗಿದ ಹಾಗೆ ಅಂಗಳ ಮಾಯವಾಯಿತು. ಸುತ್ತ ಮೋಡ ಮುಟ್ಟುವ ಬೆಟ್ಟಗಳು, ಗುಡಿಸಲಿನ ಅಟ್ಟದ ಮೇಲೆ ಹೊಗೆಗೆ ಒಣಗುವ ಕೆಂಪು ಮೆಣಸಿನಕಾಯಿ. ಗುಡುಗಿತು, ಮಳೆ ಬಂತು, ನೆಲ ಬಿರಿದು ಸಾವಿರಾರು ರೆಕ್ಕೆ ಇರುವೆಗಳು ಮೇಲೆದ್ದವು. ಇಷ್ಟೆಲ್ಲ ಒಂದು ಬೆರಳಗಲದ ಚೂರಿನೊಳಗೆ!

"ಹೊಗೆ ಮೆಣಸಿನಕಾಯಿ. ಮೊದಲ ಮಳೆಗೆ ಏಳುವ ಇರುವೆ, ಹುರಿದು ಪುಡಿ ಮಾಡಿದ್ದು. ನೆಲ ಓಆಹಾಕ ಸೀಮೆಯ ಬೆಟ್ಟ," ಅಂದಳು.

"ಸರಿ," ಅಂತು ಚಿರತೆ.

ನೀರು ಮುಕ್ಕಳಿಸಿ ಎರಡನೆಯದನ್ನು ಮುರಿದಳು. ಟಕ್ ಅಂತು. ಮೂಸಿದಳು. ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ಈ ಸಲ ಬಿಳಿ ಸುಣ್ಣಕಲ್ಲಿನ ನೆಲ, ಪಾತಾಳದವರೆಗೆ ನೀಲಿ ನೀರು ತುಂಬಿದ ಬಾವಿಗಳು. ಟೊಳ್ಳು ಮರದ ತುಂಡಿನಿಂದ ಕಡಿಯದ ಜೇನು ಗುಂಯ್ ಅಂತ ಹೊರಟಿತು. ನಮ್ಮ ಕಡೆಯ ಮುಜಂಟಿ ಜೇನಿನ ಹಾಗೆ ಅದರ ತುಪ್ಪವೂ ತುಸು ಹುಳಿ. ಕೆಂಡದ ಮೇಲೆ ಯಾರೋ ಕುಂಬಳದ ಬೀಜ ಹುರಿಯುತ್ತಿದ್ದರು. ಒಂದು ಜೇನುಹುಳ ಬಂದು ಅವಳ ಹುಬ್ಬಿನ ಮೇಲೆ ಕೂತು, ಕಾಲು ಉಜ್ಜಿಕೊಂಡು ಹೋಯಿತು.

"ಕಡಿಯದ ಜೇನಿನ ತುಪ್ಪ, ಕುಂಬಳದ ಬೀಜ. ನೆಲ ಯುಕಾತಾನ್."

"ಸರಿ," ಅಂತು ಚಿರತೆ.

ತೆಕೋಲನ ಮುಖ ಸಣ್ಣದಾಯಿತು. ಮೂರನೆಯದನ್ನು ತಾನೇ ಕೈಯಾರೆ ಕೊಟ್ಟ.

ಮುರಿದಳು. ಮೂಸಿದಳು, ವಾಸನೆಯೇ ಇಲ್ಲ. ನಾಲಿಗೆಯ ಮೇಲಿಟ್ಟಳು. ಅಯ್ಯೋ, ಬರೀ ತರಿ ತರಿ! ಬೇಕೆಂದೇ ಒರಟಾಗಿ ಅರೆದಿದ್ದ, ಕಳ್ಳ! ಅವಳ ಹಲ್ಲು ಜುಮ್ಮೆಂದಿತು. ಒಂದೇ ಒಂದು ಸಲ ಕರ್ ಅನ್ನಿಸು ಅಂತ ದವಡೆ ತಾನಾಗಿಯೇ ಮೇಲೆದ್ದಿತು. ಚಿರತೆ ಕಿವಿಯನ್ನು ಇನ್ನೂ ಒತ್ತಿತು. ಸಿತ್ಲಾಲಿ ಎರಡೂ ಕೈಯಿಂದ ತನ್ನ ಗದ್ದ ಹಿಡಿದು ಕೆಳಗೆ ಎಳೆದು ನಿಂತಳು. ಜೊಲ್ಲು ಸುರಿಯಿತು. ಸುರಿಯಲಿ ಬಿಡಿ, ರಾಜಕುಮಾರಿಯೇನಲ್ಲವಲ್ಲ!

ಚೂರು ಕರಗಿತು. ಬೆಟ್ಟ ಏಳಲಿಲ್ಲ, ಬಾವಿ ಕಾಣಲಿಲ್ಲ. ಕಣ್ಣು ಮುಚ್ಚಿದರೂ ಅದೇ ಅಂಗಳ, ಅದೇ ಕಲ್ಲಿನ ಹೆಂಗಸರು.

"ಏನೂ ಕಾಣಲಿಲ್ಲ ಅಲ್ಲವಾ?" ತೆಕೋಲ ನಕ್ಕ. "ಸೋತೆ ಅನ್ನು."

ಅವಳ ನಾಲಿಗೆಯ ಮೇಲೆ ಉಪ್ಪು ಉಳಿದಿತ್ತು. ಕಡಲ ಉಪ್ಪಲ್ಲ, ಗಣಿಯ ಉಪ್ಪೂ ಅಲ್ಲ. ಆದರೆ ಗೊತ್ತಿರುವ ಉಪ್ಪು. ಏಳು ವರ್ಷ ಮುಸುಕಿನೊಳಗೆ ತಾನೇ ನುಂಗಿದ್ದು.

"ಕಾಣದೆ ಏನು? ಕಂಡಿದ್ದೇ ಸರಿ. ನೆಲ ಇದೇ ಅಂಗಳ. ಒಳಗಿರುವುದು ಕಣ್ಣೀರಿನ ಉಪ್ಪು. ಇವರು ಕಲ್ಲಾಗಿದ್ದೂ ಅಳುತ್ತಿದ್ದಾರೆ, ನೀನು ಅದನ್ನೇ ಕೆರೆದು ಚಾಕೊಲೇಟಿಗೆ ಹಾಕಿದ್ದೀಯ!"

ಚಿರತೆ ಕಿವಿ ತೆಗೆದು, ಒಡೆಯನ ಮುಖವನ್ನೇ ನೋಡಿತು. "ಸರಿ," ಅಂತು, ಬಹಳ ಮೆಲ್ಲಗೆ.

"ಸುಳ್ಳು! ಅದು ಕಡಲ ಉಪ್ಪು!" ತೆಕೋಲ ಕೂಗಿದ.

"ಹಾಗಾದರೆ ನೀನೇ ತಿಂದು ಹೇಳು."

ಅಷ್ಟು ವರ್ಷ ಮಾಡಿದವನು ಒಮ್ಮೆಯೂ ತಿಂದಿರಲಿಲ್ಲ. ಹಟಕ್ಕೆ ಬಿದ್ದು ಚೂರೊಂದನ್ನು ಬಾಯಿಗೆ ಹಾಕಿಕೊಂಡ. ಅದು ಕರಗುತ್ತ ಬಂದ ಹಾಗೆ ನೂರು ಹೆಂಗಸರ ದುಃಖ ಅವನೆದೆಗೆ ಇಳಿಯಿತು. ಯಾರಿಗೆ ಯಾವ ಮಗು ನೆನಪಾಗುತ್ತಿದೆ, ಯಾರ ಒಲೆ ಆರಿಹೋಗಿದೆ, ಎಲ್ಲ ತಿಳಿಯಿತು. ಮಾಂತ್ರಿಕ ಕುಸಿದು ಕೂತು ಹೋ ಎಂದು ಅತ್ತ. ಅಳು ಇಳಿದಂತೆ ಅವನ ಮಂತ್ರವೂ ಇಳಿದುಹೋಯಿತು. ಕಡೆಗೆ ಅಲ್ಲಿ ಉಳಿದವನು ಒಬ್ಬ ಬೋಳುತಲೆಯ ಮುದುಕ ಅಷ್ಟೆ.

ಕಲ್ಲುಗಳು ಮೆತ್ತಗಾದವು. ಹೆಂಗಸರು ಕಣ್ಣುಜ್ಜಿಕೊಂಡರು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಆಮೇಲೆ ಮುದುಕನನ್ನು ಊರಿಗೆ ಎಳೆದುಕೊಂಡು ಹೋಗಿ ಬೀಜದ ಸಿಪ್ಪೆ ಬಿಡಿಸಲು ಕೂರಿಸಿದರು. ಚಿರತೆಯೂ ಹಿಂದೆಯೇ ಬಂತು. ಅಲ್ಲಿಂದ ಮುಂದೆ ಆ ಊರಲ್ಲಿ ಯಾರೂ ಕಲ್ಲಾಗಲಿಲ್ಲ, ಯಾರ ಮನೆಯ ಒಲೆಯೂ ಆರಲಿಲ್ಲ, ಎಲ್ಲರೂ ಉಂಡು ತಿಂದು ನಗುನಗುತ್ತ ಬಾಳಿದರು.

ಆದರೆ ಅಂಗಳದಲ್ಲಿ ನಡೆದದ್ದೊಂದು ಹೇಳಲೇಬೇಕು. ಮಾಯಾವೆಲ್ ಕಣ್ಣು ಬಿಟ್ಟವಳು ಎದುರಿಗಿದ್ದ ಹುಡುಗಿಯನ್ನು ಗುರುತಿಸಲಿಲ್ಲ.

"ಯಾರಮ್ಮ ನೀನು? ನಾನು ಬೇಗ ಹೋಗಬೇಕು. ನನ್ನ ಮಗಳು ಚಿಕ್ಕವಳು, ಒಬ್ಬಳೇ ಇದ್ದಾಳೆ."

ಸಿತ್ಲಾಲಿ ಎರಡೂ ಅಂಗೈ ಮುಂದೆ ಚಾಚಿದಳು. ಹೆಬ್ಬೆರಳ ಬುಡದಲ್ಲಿ ಕಲ್ಲು ಹಿಡಿದು ಹಿಡಿದು ಗಟ್ಟಿಯಾದ ಜಡ್ಡು. ಮಾಯಾವೆಲ್ ಅದನ್ನು ಸವರಿದಳು. ತನ್ನ ಕೈ ನೋಡಿಕೊಂಡಳು. ಅಲ್ಲೂ ಅದೇ ಜಾಗ, ಅದೇ ಜಡ್ಡು.

"ಅಯ್ಯೋ ನನ್ನ ಕೂಸೇ," ಅಂದಳು ಅವಳು, "ಇಷ್ಟು ದಿನ ನೀನೇ ಅರೆದೆಯಾ?"