ಜರ್ಮನಿಯಿಂದ ಬಂದ ಡಬ್ಬಿ

ಡಬ್ಬಿಯೊಳಗೆ ಸರ್ಕ್ಯೂಟ್ ಬೋರ್ಡ್ ಇರಲಿಲ್ಲ. ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಸುತ್ತಿದ ಕೊಂಡಪಲ್ಲಿಯ ಮರದ ಆಟಿಕೆ ಆನೆ ಇತ್ತು.

ಉಮಾಶಂಕರ ಆನೆಯನ್ನು ಹಿಡಿದು ನಿಂತುಬಿಟ್ಟ. ಹುಬ್ಬಳ್ಳಿಯವನು, ವಿಶಾಖಪಟ್ಟಣದ ನೌಕಾನೆಲೆಯಲ್ಲಿ ರೇಡಾರ್ ರಿಪೇರಿ ಮಾಡುವವನು. ಏಳನೇ ತಿಂಗಳಿಗೇ ಹುಟ್ಟಿದ ಅವನ ಮಗಳು ಅದೇ ಊರಿನ ಎಂವಿಪಿ ಕಾಲೋನಿಯ ಈ ಸಣ್ಣ ನರ್ಸಿಂಗ್ ಹೋಮಿನ ಇನ್‌ಕ್ಯುಬೇಟರಿನಲ್ಲಿದ್ದಳು. ಬೆಳಿಗ್ಗೆ ಯಂತ್ರ ತಣ್ಣಗಾಗಿತ್ತು. ಕೆಟ್ಟ ಬೋರ್ಡು ಬಿಚ್ಚಿ, ಹೊಸದು ಹಾಕಲು ಅವನೇ ಬಂದಿದ್ದ.

"ಮುಂದೆ ಬೇಕಾಗಬಹುದು ಅಂತ ತರಿಸಿದ್ದು. ಮೊನ್ನೆ ನಾನೇ ತೆರೆದು ನೋಡಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ," ಎಂದರು ಡಾಕ್ಟರ್ ಸುಮಿತ್ರಾ. ಮೈಸೂರಿನವರು.

"ಇನ್ನೊಂದು ತರಿಸಾಕ ಆಗೂದಿಲ್ಲೇನ್ರಿ?"

"ಜರ್ಮನಿಯಿಂದ ಬರಬೇಕು. ಕೊಲ್ಲಿಯಲ್ಲಿ ಯುದ್ಧ. ಯಾವಾಗ ಬರುತ್ತೋ ದೇವರೇ ಬಲ್ಲ."

ನರ್ಸ್ ದುರ್ಗಾಂಬ ಬಿಸಿನೀರಿನ ರಬ್ಬರ್ ಚೀಲ ತಂದಳು. ಅವಳ ಮುಖ ಬಿಳಿಚಿಕೊಂಡಿತ್ತು. ಉಮಾಶಂಕರನ ಹೆಂಡತಿ ವಿಜಯಲಕ್ಷ್ಮೀ ಮಗುವನ್ನು ಎದೆಗವಚಿಕೊಂಡು, ಮೇಲೆ ಕಂಬಳಿ ಹೊದ್ದು ಕೂತಳು.

"ನೀವು ಹುಡುಕ್ರಿ. ಅಲ್ಲೀತನಕ ಇಕೀನ್ನ ನಾ ಬೆಚ್ಚಗ ಇಟ್ಕೋತೀನಿ."

*

ಬೋರ್ಡು ತರಿಸಿಕೊಟ್ಟಿದ್ದವನು ನರಸಿಂಹಮೂರ್ತಿ. ವಿದೇಶಿ ಬಿಡಿಭಾಗಗಳ ವ್ಯಾಪಾರಿ. ಕಳೆದ ವಾರವಷ್ಟೇ ಅದನ್ನು ಮರಳಿ ಕೊಡಿ ಎಂದು ಡಾಕ್ಟರಿಗೆ ದುಂಬಾಲು ಬಿದ್ದಿದ್ದ. ಉಮಾಶಂಕರ ನೇರ ಅವನ ಅಂಗಡಿಗೆ ಹೋದ.

ಕಪಾಟುಗಳು ಖಾಲಿ ಹೊಡೆಯುತ್ತಿದ್ದವು.

"ಬೋರ್ಡು ವಾಪಸ್ ಕೇಳಿದ್ದು ನಿಜ ಸಾರ್. ಸೂಯೆಜ್ ದಾಟೋಕೆ ಹಡಗಿನವರು ಹೆದರ್ತಾರೆ. ವಿಮಾನದಲ್ಲಿ ತರಿಸೋಣ ಅಂದ್ರೆ ಬ್ಯಾಂಕಲ್ಲಿ ಡಾಲರ್ ಇಲ್ಲ. ಊರೂರಿನ ಆಸ್ಪತ್ರೆಯವರು ಫೋನ್ ಮಾಡಿ ಅಳ್ತಾರೆ. ಆದ್ರೆ ನಾನು ಕದ್ದಿದ್ರೆ ಡಬ್ಬಿ ಬಿಡ್ತಿದ್ನಾ? ಕಂಪನಿ ಡಬ್ಬಿ ಇಲ್ದೆ ಯಾರು ಕೊಳ್ತಾರೆ?"

ಉಮಾಶಂಕರ ತಲೆಯಾಡಿಸಿದ. ಮಾತು ಸರಿಯಾಗಿತ್ತು.

*

ದುರ್ಗಾಂಬ ಔಷಧದ ಕೋಣೆಯಲ್ಲಿ ಒಬ್ಬಳೇ ಇದ್ದಳು.

"ವಿಜಯವಾಡದಾಗ ಈ ಮಷೀನು ಯಾವ ಆಸ್ಪತ್ರ್ಯಾಗ ಐತಿ, ಸಿಸ್ಟರ್?"

ಅವಳ ಕೈಯಿಂದ ಹತ್ತಿ ಜಾರಿತು.

"ಬೀಗ ಒಡೆದಿಲ್ಲ, ಅಂದ್ರ ಒಳಗಿನವರು," ಉಮಾಶಂಕರ ಮೆಲ್ಲಗೆ ಹೇಳಿದ. "ಡಬ್ಬಿ ಬಿಟ್ಟಾರ, ಅಂದ್ರ ಮಾರಾಕಲ್ಲ. ಇಂಥಾದ ಮಷೀನಿಗೆ ಹಾಕಾಕ. ಆನೀಗೆ ಬಟ್ಟಿ ಸುತ್ತಿದ್ದು ನೀವು ನನ್ನ ಮಗಳಿಗೆ ಸುತ್ತೂ ಹಂಗ. ತುದಿ ಎಡಕ್ಕ ಸಿಗಿಸಿ. ಆನಿ ವಿಜಯವಾಡದ ಬಾಜೂಕಿರೂ ಕೊಂಡಪಲ್ಲೀದು, ಬಣ್ಣ ಇನ್ನೂ ವಾಸನಿ ಹೊಡೀತೈತಿ. ಆ ಕಡೆ ನಿಮ್ಮೂರಿಗೆ ಹೋಗಿ ಬಂದಾಕಿ ನೀವೊಬ್ಬರ."

ದುರ್ಗಾಂಬ ಬಾಗಿಲು ಮುಂದೆ ಮಾಡಿದಳು. ಡಾಕ್ಟರಿಂದ ಕಲಿತ ಕನ್ನಡ ತಡವರಿಸಿತು.

"ನಮ್ಮ ಅಕ್ಕ ರಾಜ್ಯಲಕ್ಷ್ಮಿ ಮಗು ಸಾರ್. ಎಷ್ಟೋ ಸಲ ಗರ್ಭ ಹೋಗಿ, ಇದೊಂದು ಉಳೀತು. ಆನೆ ಆ ಮಗುಗೇ ಕೊಂಡಿದ್ದೆ, ಡಬ್ಬಿ ಹಗುರ ಆಗ್ಬಾರ್ದು ಅಂತ ಅದನ್ನೇ ಒಳಗಿಟ್ಟೆ. ಅಲ್ಲಿ ಮೆಷೀನ್ ಪೂರ್ತಿ ನಿಂತೋಯ್ತು. ಇಲ್ಲಿಯದು ನಡೀತಿತ್ತು ಕದಾ, ಅಲ್ವಾ... ಬಾವ ಬಂದಾಗ ಕೊಟ್ಬಿಟ್ಟೆ."

"ಕೇಳಬೇಕಿತ್ತು."

"ಕೇಳಿದ್ರೆ ಕೊಡ್ತಿದ್ರಾ ಸಾರ್?"

ಉಮಾಶಂಕರ ಕೆಟ್ಟ ಬೋರ್ಡನ್ನೂ ಬೆಸುಗೆಯ ಸಾಮಾನನ್ನೂ ಚೀಲಕ್ಕೆ ಹಾಕಿಕೊಂಡು ರೈಲು ಹತ್ತಿದ.

*

ವಿಜಯವಾಡದ ಆಸ್ಪತ್ರೆಯಲ್ಲಿ ರಾಜ್ಯಲಕ್ಷ್ಮಿ ಗಾಜಿಗೆ ಅಂಗೈ ಒತ್ತಿ ಕೂತಿದ್ದಳು. ಒಳಗೆ ಅಂಗೈಯಗಲದ ಗಂಡುಮಗು. ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಉಮಾಶಂಕರ ಯಾಕೆ ಬಂದಿದ್ದಾನೆಂದು ತಂಗಿಯ ಫೋನಿನಿಂದ ಅವಳಿಗೆ ಗೊತ್ತಿತ್ತು. ಗಾಜಿನಿಂದ ಕೈ ತೆಗೆದು ಪಕ್ಕಕ್ಕೆ ಸರಿದು ನಿಂತಳು.

ಉಮಾಶಂಕರ ಸ್ಕ್ರೂಡ್ರೈವರ್ ತೆಗೆದ. ಮಗು ಆಕಳಿಸಿತು. ಅವನ ಮಗಳೂ ಹಾಗೇ ಬಾಯಿ ಸೊಟ್ಟ ಮಾಡಿ ಆಕಳಿಸುತ್ತಿದ್ದಳು. ಸ್ಕ್ರೂಡ್ರೈವರ್ ಮತ್ತೆ ಚೀಲ ಸೇರಿತು.

"ಇದರ ಹಳೇ ಬೋರ್ಡು ಎಲ್ಲೈತ್ರಿ?"

ಆಸ್ಪತ್ರೆಯವರು ತಂದುಕೊಟ್ಟರು. ಮೇಜಿನ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು, ಮೀಟರಿನ ತಂತಿ ಹಿಡಿದು ಒಂದೊಂದೇ ಕಡೆ ಮುಟ್ಟಿ ನೋಡಿದ. ಇಲ್ಲಿಯದರಲ್ಲಿ ಹೀಟರಿಗೆ ಕರೆಂಟು ಬಿಡುವ ರಿಲೇ ಸತ್ತಿತ್ತು. ತನ್ನದರಲ್ಲಿ ಐಸಿ ಚಿಪ್ ಸುಟ್ಟಿತ್ತು, ರಿಲೇ ಗಟ್ಟಿಯಾಗಿತ್ತು.

ಅವನು ಬೆಸುಗೆಕಡ್ಡಿ ಕಾಯಲಿಟ್ಟ. ತನ್ನ ಬೋರ್ಡಿನ ರಿಲೇ ಬಿಡಿಸಿ ಇದಕ್ಕೆ ಕೂರಿಸಿದ. ಕೆಟ್ಟ ಎರಡು ಸೇರಿ ನಡೆಯುವ ಒಂದಾಯಿತು.

*

ವಿಶಾಖಪಟ್ಟಣದಲ್ಲಿ ಯಂತ್ರದ ಹಸಿರು ದೀಪ ಹೊತ್ತಿತು. ಹೀಟರ್ ಕಾಯಿತು. ವಿಜಯಲಕ್ಷ್ಮೀ ಮಗುವನ್ನು ಒಳಗಿಟ್ಟು, ಮರಗಟ್ಟಿದ ತೋಳು ನೀವಿಕೊಂಡಳು.

"ಪೊಲೀಸ್ ಕಂಪ್ಲೇಂಟ್ ಕೊಡೋದು ನಿಮಗೆ ಬಿಟ್ಟಿದ್ದು," ಎಂದರು ಡಾಕ್ಟರ್.

ಬಾಗಿಲ ಬಳಿ ದುರ್ಗಾಂಬ ಸೀರೆಯುಟ್ಟು ನಿಂತಿದ್ದಳು. ಮಡಚಿದ ಸಮವಸ್ತ್ರ ಕೈಯಲ್ಲಿತ್ತು. ಉಮಾಶಂಕರ ಹೆಂಡತಿಯ ಕಡೆ ನೋಡಿದ. ನಡೆದದ್ದನ್ನೆಲ್ಲ ಅವಳಿಗೆ ಹೇಳಿದ್ದ.

"ಎಲ್ಲಿ ಹೊಂಟೀರಿ, ಸಿಸ್ಟರ್?" ವಿಜಯಲಕ್ಷ್ಮೀ ಕೇಳಿದಳು. "ನಿನ್ನಿಯಿಂದ ಕಣ್ಣ ಮುಚ್ಚಿಲ್ಲ ನಾನು. ಇಕೀ ಕಡೆ ಯಾರು ನೋಡ್ಬೇಕು?"

ದುರ್ಗಾಂಬ ಕಣ್ಣೊರೆಸಿಕೊಂಡು ಕೈ ತೊಳೆಯಲು ಹೋದಳು.