ಕಳವಾದ ಹಲ್ಲಿನ ಸೆಟ್ಟು

ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ದೂರನ್ನು ಕೇಳಿ ಮೊದಲು ನಕ್ಕವನು ರೇಡಿಯೊ. ರೇಡಿಯೊ ಅಂದರೆ ಬರವಣಿಗೆ ಮೇಜಿನ ಪೇದೆ. ಅವನು ಬಾಯಿ ಮುಚ್ಚಿದ್ದನ್ನು ಠಾಣೆಯಲ್ಲಿ ಯಾರೂ ಕಂಡಿರಲಿಲ್ಲವಾದ್ದರಿಂದ ಆ ಹೆಸರು. ದೂರು ತಂದವರು ಮುಖ್ಯರಸ್ತೆಯ ದಂತ ಚಿಕಿತ್ಸಾಲಯದ ಡಾಕ್ಟರು. ಅವರ ಕ್ಲಿನಿಕ್ಕಿನಿಂದ ಒಬ್ಬ ರೋಗಿಯ ಹಲ್ಲುಗಳು, ಮೇಲಿನ ಸಾಲು ಕೆಳಗಿನ ಸಾಲು ಎರಡೂ, ಕಳವಾಗಿದ್ದವು.

“ರೋಗಿ ಇದ್ದಾರೋ, ಅವರೂ ಕಳವೋ?” ಅಂದ ರೇಡಿಯೊ. ಇನ್‌ಸ್ಪೆಕ್ಟರು ಗುರಾಯಿಸಿದ ಮೇಲೆ ತೆಪ್ಪಗೆ ಪೆನ್ನು ತೆಗೆದ.

ಡಾಕ್ಟರಿಗೆ ನಗು ಬರುವ ಹಾಗಿರಲಿಲ್ಲ. ರೋಗಿ ಎಪ್ಪತ್ತು ದಾಟಿದ, ಗೋದಾಮಿನ ಮೇಲ್ವಿಚಾರಕರಾಗಿ ನಿವೃತ್ತರಾದ ಯಜಮಾನರು. ವಸಡಿನ ರೋಗದಿಂದ ಹನ್ನೆರಡು ವರ್ಷದ ಹಿಂದೆಯೇ ಎಲ್ಲಾ ಹಲ್ಲೂ ಹೋಗಿದ್ದವು. ಮಗ ಆಸೆಪಟ್ಟು ಕರೆದುಕೊಂಡು ಬಂದಿದ್ದ. ಡಾಕ್ಟರು ಮೂರು ದಾರಿ ಹೇಳಿದ್ದರು. ರಾತ್ರಿ ತೆಗೆದು ನೀರಿನಲ್ಲಿಡುವ ಮಾಮೂಲಿ ಸೆಟ್ಟು ಒಂದು. ದವಡೆಗೆ ಎರಡು ತಿರುಪು ಕೂರಿಸಿ ಅದರ ಮೇಲೆ ಗುಂಡಿ ಹಾಕಿದ ಹಾಗೆ ಸಿಕ್ಕಿಸುವ ಸೆಟ್ಟು ಇನ್ನೊಂದು, ಅದನ್ನೂ ತೆಗೆಯಬಹುದು. ಮೂರನೆಯದು ಮೂಳೆಗೆ ತಿರುಪು ಇಳಿಸಿ ಕಾಯಮ್ಮಾಗಿ ಬಿಗಿಯುವುದು, ಸ್ವಂತ ಹಲ್ಲಿನ ಹಾಗೆ ಹಗಲೂ ರಾತ್ರಿಯೂ ಬಾಯಲ್ಲೇ ಇರುತ್ತದೆ. ಮಗ ಮೂರನೆಯದನ್ನೇ ಆರಿಸಿದ್ದ. ತಿರುಪು ಕೂರಿಸಿ, ಮೂಳೆ ಮಾಗಲು ಆರು ತಿಂಗಳು ಕಾದು, ಶನಿವಾರ ಸಂಜೆ ಹಲ್ಲುಗಳನ್ನು ಬಾಯಿಗಿಟ್ಟು ಅಳತೆ ನೋಡಿದ್ದಾಗಿತ್ತು. ಕೊನೆಯ ಹೊಳಪು ಕೊಡಲು ಅವು ಸೋಮವಾರ ಲ್ಯಾಬಿಗೆ ಹೋಗಬೇಕಿತ್ತು. ಲ್ಯಾಬಿನವನು ಬಂದ, ಡಬ್ಬಿ ಇಲ್ಲ.

ಎಫ್‌ಐಆರ್ ಆಯಿತು. ಹನ್ನೊಂದೂವರೆಗೆ ಇನ್‌ಸ್ಪೆಕ್ಟರು, ರೇಡಿಯೊ ಮತ್ತು ಮಹಿಳಾ ಪೇದೆ ಕ್ಲಿನಿಕ್ಕಿಗೆ ಹೋದರು. ಕೆಳಗಿನ ಕನ್ನಡಕದ ಅಂಗಡಿಯವರನ್ನೂ ಪಕ್ಕದ ಔಷಧಿ ಅಂಗಡಿಯವರನ್ನೂ ಪಂಚರಾಗಿ ಕರೆಸಿ ಸ್ಥಳ ಪಂಚನಾಮೆ ಮಾಡಿದರು. ಲವಂಗದೆಣ್ಣೆಯ ವಾಸನೆ, ಮೇಲೆ ದೊಡ್ಡ ದೀಪದ ಕುರ್ಚಿ. ಅದರಾಚೆ ಕಿರಿದಾದ ಓಣಿ, ಓಣಿಯ ಕೊನೆಗೆ ಬಚ್ಚಲು, ಬಚ್ಚಲಿಗೆ ಮೊದಲು ಸಲಕರಣೆ ತೊಳೆಯುವ ಸಣ್ಣ ಕೋಣೆ. ಆ ಕೋಣೆಯ ಉಕ್ಕಿನ ಮೇಜಿನ ಮೇಲೆ ಶನಿವಾರ ಮೂರು ನೀಲಿ ಡಬ್ಬಿಗಳಿದ್ದವು, ಒಂದೊಂದರ ಮೇಲೂ ರೋಗಿಯ ಹೆಸರು. ಈಗ ಎರಡಿದ್ದವು. ಪಕ್ಕದ ಖಾನೆಯಲ್ಲಿ ಬೀಗವಿಲ್ಲದೆ ಬಿದ್ದಿದ್ದ ತಿರುಪಿನ ಕಿಟ್ಟು, ಲ್ಯಾಪ್‌ಟಾಪು, ಎಲ್ಲಾ ಇದ್ದಲ್ಲೇ ಇದ್ದವು. ಮಾರಿದರೆ ಕೈತುಂಬ ಕಾಸು ಬರುವ ವಸ್ತು ಬಿಟ್ಟು, ಬೇರೆ ಯಾರ ಬಾಯಿಗೂ ಹೊಂದದ ಹಲ್ಲನ್ನು ಒಯ್ದ ಕಳ್ಳ ಎಂಥವನಿರಬೇಕು ಎಂದು ಇನ್‌ಸ್ಪೆಕ್ಟರಿಗೆ ತಲೆ ಕೆಟ್ಟುಹೋಯಿತು.

ಓಣಿಯಲ್ಲಿ ಕ್ಯಾಮೆರಾ ಇತ್ತು. ಶನಿವಾರ ಸಂಜೆಯಿಂದ ಬಾಗಿಲು ಹಾಕುವವರೆಗೆ ಆ ಕಡೆ ಹೋದವರು ನಾಲ್ಕೇ ಜನ: ಡಾಕ್ಟರು, ಅವರ ಸಹಾಯಕಿ ಹುಡುಗಿ, ಕಸ ಗುಡಿಸುವವಳು ಮತ್ತು ಬಚ್ಚಲಿಗೆ ಹೋದ ಯಜಮಾನರ ಹೆಂಡತಿ. ಇನ್‌ಸ್ಪೆಕ್ಟರು ಯಜಮಾನರ ಹೆಂಡತಿಯನ್ನು ಪಟ್ಟಿಯಿಂದ ಅಲ್ಲೇ ಕೈಬಿಟ್ಟರು. ಸ್ವಂತ ಗಂಡನ ಹಲ್ಲನ್ನು ಯಾವ ಹೆಂಗಸು ಕದಿಯುತ್ತಾಳೆ? ಕಸ ಗುಡಿಸುವವಳ ಕೈಯಲ್ಲಿ ಬಕೆಟ್ಟು ಬಿಟ್ಟರೆ ಇನ್ನೇನೂ ಇರಲಿಲ್ಲ. ಉಳಿದವಳು ಸಹಾಯಕಿ. ಹೋದ ವಾರ ಡಾಕ್ಟರು ಅವಳನ್ನು ರೋಗಿಗಳ ಮುಂದೆಯೇ ಬೈದಿದ್ದರಂತೆ. ಸಿಟ್ಟಿಗೆ ಮಾಡಿರಬಹುದು ಎಂದು ಡಾಕ್ಟರೇ ಬಾಯಿಬಿಟ್ಟು ಹೇಳಿದರು.

ಆ ಇಡೀ ದಿನ ಆ ಹುಡುಗಿಯ ಮೇಲೆ ಹೋಯಿತು. ಠಾಣೆಗೆ ಕರೆಸಿ ಕೇಳಿದರು, ಅವಳ ಬಾಡಿಗೆ ಕೋಣೆ ಶೋಧಿಸಿದರು, ಅವಳ ಅಮ್ಮನ ಹಾಸಿಗೆ ಕೂಡ ಎತ್ತಿ ನೋಡಿದರು. ಸಿಕ್ಕಿದ್ದು ಸೊನ್ನೆ. ಸಂಜೆಯ ಹೊತ್ತಿಗೆ ಡಾಕ್ಟರು ಅವಳಿಗೆ ನಾಳೆಯಿಂದ ಬರಬೇಡ ಎಂದು ಫೋನಿನಲ್ಲಿ ಹೇಳಿಯೂ ಆಗಿತ್ತು. ಪಾಪ, ಅವಳು ಜಗಳವನ್ನೂ ಆಡಲಿಲ್ಲ, ಸುಮ್ಮನೆ ಕೂತು ದುಪಟ್ಟಾದ ತುದಿ ಸುರುಳಿ ಸುತ್ತಿದಳು.

ಮಂಗಳವಾರ ಬೆಳಗ್ಗೆ ಇನ್‌ಸ್ಪೆಕ್ಟರು ಅವಳನ್ನು ಮತ್ತೆ ಕೂರಿಸಿಕೊಂಡರು. ಈ ಸಲ ದನಿ ತಗ್ಗಿಸಿ, ಶನಿವಾರ ನಡೆದದ್ದನ್ನು ಮೊದಲಿಂದ ಹೇಳಮ್ಮ ಅಂದರು.

ಅವಳು ಹೇಳಿದಳು. ಯಜಮಾನರು ಕುರ್ಚಿಯಲ್ಲಿದ್ದರು, ಮಗ ಪಕ್ಕದಲ್ಲಿ, ಅವರ ಹೆಂಡತಿ ಮೂಲೆಯ ಸ್ಟೂಲಿನಲ್ಲಿ. ಡಾಕ್ಟರು ಹಲ್ಲು ಕೂರಿಸಿ, ನಡುವೆ ನೀಲಿ ಕಾಗದವಿಟ್ಟು, ಕಚ್ಚಿ, ಇನ್ನೂ ಗಟ್ಟಿಯಾಗಿ ಕಚ್ಚಿ ಅಂದರು. ಎರಡು ಮೂರು ಸಲ ಕಟಕಟ ಸದ್ದಾಯಿತು. ಆಗ ಮೂಲೆಯಲ್ಲಿದ್ದ ಅಮ್ಮ ಎದ್ದರು.

“ಮುಖ ಬೆವರಿ ನೀರಾಗಿತ್ತು ಸರ್. ಹುಷಾರಿಲ್ವಾ ಅಮ್ಮ ಅಂದೆ. ಏನಿಲ್ಲ ಮಗಳೇ ಅಂತ ಬಚ್ಚಲಿಗೆ ಹೋದ್ರು. ತುಂಬ ಹೊತ್ತು ಬರ್ಲಿಲ್ಲ.”

“ಆಗ ಹಲ್ಲು ಎಲ್ಲಿತ್ತು?”

“ಅಷ್ಟರಲ್ಲಿ ನಾನೇ ತೊಳೆದು ಡಬ್ಬಿಗೆ ಹಾಕಿ ಮೇಜಿನ ಮೇಲಿಟ್ಟು ಬಂದಿದ್ದೆ. ಅವರು ಆಮೇಲೆ ವಾಪಸ್ ಬಂದ್ರು.”

“ಆಯಮ್ಮ ಮೊದಲೂ ಬರ್ತಿದ್ರಾ?”

“ಪ್ರತಿ ಸಲ. ಬಂದಾಗೆಲ್ಲ ಡಾಕ್ಟರನ್ನ ಒಂದೇ ಮಾತು ಕೇಳೋರು, ರಾತ್ರಿ ತೆಗೆದಿಡೋ ಥರದ್ದೇ ಸಾಕಲ್ವಾ ಅಂತ. ಡಾಕ್ಟರು ನಗೋರು. ಅಷ್ಟು ಒಳ್ಳೇದು ಹಾಕಿಸೋಕೆ ಮಗ ರೆಡಿ ಇರುವಾಗ ನಿಮಗ್ಯಾಕಮ್ಮ ಜಿಪುಣತನ ಅನ್ನೋರು.”

ಇನ್‌ಸ್ಪೆಕ್ಟರು ಕ್ಯಾಮೆರಾದ ಚಿತ್ರ ಮತ್ತೆ ಹಾಕಿಸಿದರು. ಹೋಗುವಾಗ ಆಕೆಯ ಚೀಲ ಚಪ್ಪಟೆಯಾಗಿ ತೋಳಿನಿಂದ ನೇತಾಡುತ್ತಿತ್ತು. ಬರುವಾಗ ಆಕೆ ಅದನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡಿದ್ದರು. ನಿನ್ನೆ ಇದೇ ಚಿತ್ರ ಕಣ್ಣ ಮುಂದೆ ಓಡಿತ್ತು. ನೋಡಿಯೂ ಕಂಡಿರಲಿಲ್ಲವಲ್ಲ ಎಂದು ಇನ್‌ಸ್ಪೆಕ್ಟರಿಗೆ ತಮ್ಮ ಮೇಲೇ ರೇಗಿತು.

ಹನ್ನೊಂದು ಗಂಟೆಗೆ ಯಜಮಾನರ ಮನೆ. ಎರಡು ಕೋಣೆ, ಒಂದು ಹಜಾರ, ಹಿಂದೆ ಅಡುಗೆಮನೆ. ಎಲ್ಲಾ ಒಪ್ಪ ಓರಣ. ಮಗ ಕೆಲಸಕ್ಕೆ ಹೋಗಿದ್ದ. ಯಜಮಾನರು ಎದ್ದು ನಿಂತು ಬರಮಾಡಿಕೊಂಡರು, ನಕ್ಕಾಗ ಬೊಚ್ಚುಬಾಯಿಗೆ ಕೈ ಅಡ್ಡ ಹಿಡಿದರು. ಮಾತೆಂದರೆ ಬೆಣ್ಣೆ. ಇಷ್ಟು ಸಣ್ಣ ವಿಷಯಕ್ಕೆ ಸಾಹೇಬರಿಗೆ ಎಷ್ಟು ತೊಂದರೆ ಅಂದರು, ಹೆಂಡತಿಗೆ ಟೀ ತರಲು ಹೇಳಿದರು. ಇಂಥ ಮನುಷ್ಯನನ್ನು ನೆರೆಹೊರೆಯವರು ಮೆಚ್ಚಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಹೆಂಡತಿ ಟೀ ತಂದರು. ತುಂಬುತೋಳಿನ ರವಿಕೆ ಹಾಕಿದ್ದ ಸಣಕಲು ಹೆಂಗಸು. ಇನ್‌ಸ್ಪೆಕ್ಟರು ಅವರ ಹಿಂದೆಯೇ ಅಡುಗೆಮನೆಗೆ ಹೋದರು, ಜೊತೆಗೆ ಮಹಿಳಾ ಪೇದೆ.

“ಅಮ್ಮ, ಡಬ್ಬಿ ಎಲ್ಲಿದೆ?”

ಆಕೆ ಇಲ್ಲ ಅನ್ನಲಿಲ್ಲ. “ಆ ಹುಡುಗೀನ ಹಿಡ್ಕೊಂಡು ಹೋದ್ರಂತೆ?” ಅಂದರು.

“ಬಿಟ್ಟಿದ್ದೀವಿ. ಆದರೆ ಕೆಲಸ ಹೋಗಿದೆ.”

“ನಿನ್ನೆ ರಾತ್ರಿ ಮಗ ಹೇಳಿದ. ಬೆಳಿಗ್ಗೆ ನಾನೇ ಬರೋಣ ಅಂತಿದ್ದೆ ಸಾಹೇಬ್ರೆ, ಕಾಲು ಬರ್ಲಿಲ್ಲ.” ಆಕೆ ಮೂಲೆಯ ಹೊಲಿಗೆ ಯಂತ್ರದ ಡ್ರಾಯರು ಎಳೆದರು. ಬಟ್ಟೆಯ ಚೂರುಗಳ ಉಂಡೆಯೊಳಗೆ ನೀಲಿ ಡಬ್ಬಿ. ಅದರಲ್ಲಿ ಎರಡು ಸಾಲು ಹಲ್ಲು, ಒಂದು ತುದಿಯಲ್ಲಿ ಕೂದಲೆಳೆಯಷ್ಟು ಮುಕ್ಕು. “ಸುತ್ತಿಗೆ ತಗೊಂಡು ಹೊಡ್ದೆ. ಒಡೀಲೇ ಇಲ್ಲ.”

“ಎಸೀಬಹುದಿತ್ತಲ್ಲ?”

“ಎಸೆದ್ರೆ ಯಾರಾದ್ರೂ ಹುಡುಕಿ ತಂದುಕೊಟ್ರೆ ಅಂತ ಭಯ ಆಯ್ತು.”

ಪಕ್ಕದ ಮನೆಯ ಇಬ್ಬರನ್ನು ಕರೆಸಿ ಜಪ್ತಿ ಪಂಚನಾಮೆ ಬರೆದರು. ಯಜಮಾನರಿಗೆ ಆಘಾತವಾಯಿತೋ, ಆದಂತೆ ತೋರಿಸಿಕೊಂಡರೋ, ಹೇಳುವುದು ಕಷ್ಟ. ಇವಳಿಗೆ ಈಚೆಗೆ ಮರೆವು ಸಾಹೇಬರೆ, ಏನು ಮಾಡುತ್ತೇನೆಂದು ಇವಳಿಗೇ ಗೊತ್ತಾಗುವುದಿಲ್ಲ ಎಂದು ಪಂಚರಿಗೂ ಕೇಳುವಂತೆ ಹೇಳಿದರು. ಹನ್ನೆರಡೂ ನಲವತ್ತಕ್ಕೆ ದಸ್ತಗಿರಿ ಮಾಡಿ ಠಾಣೆಗೆ ಕರೆತಂದರು.

ದಸ್ತಗಿರಿಯಾದವರ ಅಂಗಶೋಧನೆ ಮಾಡಬೇಕು, ಮೈಮೇಲೆ ಗಾಯವಿದ್ದರೆ ಬರೆದುಕೊಳ್ಳಬೇಕು. ಮಹಿಳಾ ಪೇದೆ ಆಕೆಯನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದವಳು ಬಾಗಿಲನ್ನು ಮತ್ತೆ ಎಳೆದುಕೊಂಡು ದನಿ ತಗ್ಗಿಸಿದಳು.

“ಸರ್, ಭುಜ, ತೋಳು, ಬೆನ್ನು... ಎಲ್ಲಾ ಕಡೆ. ಹಳೇವು. ಹಲ್ಲಿನ ಗುರುತು ಸರ್. ಮನುಷ್ಯರದ್ದು.”

ರೇಡಿಯೊ ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

ಇನ್‌ಸ್ಪೆಕ್ಟರು ಆಕೆಯ ಎದುರು ಕುರ್ಚಿ ಎಳೆದುಕೊಂಡು ಕೂತರು. ಆಕೆಯೇ ಮಾತಾಡಿದರು. ಮದುವೆಯಾದ ಮೊದಲ ತಿಂಗಳಿಂದ ಶುರುವಾಗಿತ್ತು. ಹಗಲು ಒಂದು ಕೆಟ್ಟ ಮಾತಿಲ್ಲ. ರಾತ್ರಿ, ಅದೂ ನಿದ್ದೆಯಲ್ಲಿದ್ದಾಗ. ಕೂಗಿದರೆ ಮಕ್ಕಳು ಏಳುತ್ತವೆಂದು ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದರು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದಕ್ಕೆ ಗಂಡ ನಕ್ಕಿದ್ದರಂತೆ. ಆಮೇಲೆ ಅವರ ಹಲ್ಲು ಒಂದೊಂದಾಗಿ ಅಲ್ಲಾಡಿ ಬಿದ್ದವು.

“ಹನ್ನೆರಡು ವರ್ಷ ನಿದ್ದೆ ಮಾಡಿದೀನಿ ಸಾಹೇಬ್ರೆ. ಯಾರನ್ನೂ ಏನೂ ಕೇಳಿದವಳಲ್ಲ ನಾನು. ಇದೊಂದು ನನಗೆ ಬೇಕಿತ್ತು.”

“ಇದನ್ನೆಲ್ಲ ಹೇಳಿಕೆಯಲ್ಲಿ ಬರೀತೀನಮ್ಮ. ಅವರ ಮೇಲೆ ಕೇಸು ಹಾಕ್ತೀನಿ.”

“ಬೇಡ. ನನ್ನ ಮಗ ಅವನಪ್ಪನ್ನ ದೇವರು ಅಂದ್ಕೊಂಡಿದಾನೆ. ಸಾಲ ಸೋಲ ಮಾಡಿ ಹಲ್ಲು ಕಟ್ಟಿಸ್ತಿದಾನೆ. ಅವನಿಗೆ ಗೊತ್ತಾದ್ರೆ ಅವನು ಬದುಕೋದು ಹೇಗೆ? ಬರೆದ್ರೆ ನಾನು ಸುಳ್ಳು ಅಂತೀನಿ.”

“ಈಗ ಅವರಿಗೂ ವಯಸ್ಸಾಯ್ತಲ್ಲಮ್ಮ...”

“ಇನ್ಮೇಲೆ ಮಾಡ್ಲಿಕ್ಕಿಲ್ಲ. ಇರಬಹುದು. ಆದರೆ ಪಕ್ಕದಲ್ಲಿ ನಾನು ಮಲಗೋದು ಹೇಗೆ?”

ಗಾಯಗಳು ಹಳೆಯವು, ದೂರುದಾರರಿಲ್ಲ, ಸಾಕ್ಷಿಯಿಲ್ಲ. ಇನ್‌ಸ್ಪೆಕ್ಟರು ಎದ್ದು ಕಿಟಕಿಯ ಬಳಿ ಹೋಗಿ ನಿಂತರು, ವಾಪಸ್ ಬಂದು ಕೂತರು. ಅವರ ಕೈಯಲ್ಲಿ ಇದ್ದದ್ದು ಒಂದೇ. ಜಪ್ತಿಯಾದ ಮಾಲನ್ನು ಬಿಡಿಸಿಕೊಳ್ಳಲು ಡಾಕ್ಟರು ಅರ್ಜಿ ಹಾಕುತ್ತಾರೆ. ಅದಕ್ಕೆ ತಕರಾರು ಬರೆಯಬಹುದು. ಬರೆದೇಬಿಟ್ಟರು: ಸದರಿ ಹಲ್ಲುಗಳು ಪ್ರಕರಣದ ಮುಖ್ಯ ಸಾಕ್ಷ್ಯವಾಗಿದ್ದು, ವಿಚಾರಣೆ ಮುಗಿಯುವವರೆಗೆ ನ್ಯಾಯಾಲಯದ ವಶದಲ್ಲೇ ಇರತಕ್ಕದ್ದು.

“ಕೇಸು ಮುಗಿಯೋವರೆಗೂ ಅದು ಯಾರ ಕೈಗೂ ಸಿಗಲ್ಲಮ್ಮ. ವರ್ಷಗಟ್ಟಲೆ ಎಳೆಯುತ್ತೆ.”

ಆಕೆ ಅವರ ಮುಖವನ್ನೇ ನೋಡಿದರು. ಠಾಣೆಯಲ್ಲಿ ಕೊಟ್ಟಿದ್ದ, ಅಷ್ಟು ಹೊತ್ತು ಮುಟ್ಟದಿದ್ದ ಟೀ ಲೋಟವನ್ನು ಎತ್ತಿಕೊಂಡು, ಆರಿಹೋಗಿದ್ದರೂ ಪೂರ್ತಿ ಕುಡಿದರು. ಮಹಿಳಾ ಪೇದೆಯ ಮಕ್ಕಳೆಷ್ಟು ಎಂದು ವಿಚಾರಿಸಿದರು.

ಮಧ್ಯಾಹ್ನ ನ್ಯಾಯಾಧೀಶರ ಮುಂದೆ ಹಾಜರುಪಡಿಸಿದರು. ವಯಸ್ಸು, ಮೊದಲ ತಪ್ಪು, ಮಾಲು ಸಿಕ್ಕಿದೆ. ಜಾಮೀನು ಸಿಗಲು ಐದು ನಿಮಿಷ ಹಿಡಿಯಲಿಲ್ಲ. ಮಗ ಓಡಿ ಬಂದಿದ್ದ, ಅತ್ತು ಕಣ್ಣು ಕೆಂಪಾಗಿತ್ತು. ಒಳ್ಳೆಯ ಹುಡುಗ, ಅದೇ ಸಂಕಟ. ಅಮ್ಮನ ಕೈ ಹಿಡಿದುಕೊಂಡು, ಅಪ್ಪ ಸ್ವಲ್ಪವೂ ಕೋಪ ಮಾಡಿಕೊಂಡಿಲ್ಲ, ಮನೆಗೆ ಬಾ ಅಂದ. ಹಲ್ಲಿನ ವಿಷಯಕ್ಕೆ ಕೊರಗಬೇಡ, ಅದರ ಅಳತೆಯೆಲ್ಲ ಡಾಕ್ಟರ ಕಂಪ್ಯೂಟರಿನಲ್ಲೇ ಇದೆಯಂತೆ, ಹೊಸದೊಂದು ಸೆಟ್ಟು ಮುಂದಿನ ವಾರ ಗುರುವಾರಕ್ಕೆ ತಯಾರು, ಕೋರ್ಟಿನಲ್ಲಿರುವುದು ಕೋರ್ಟಿನಲ್ಲೇ ಇರಲಿ ಎಂದು ಸಮಾಧಾನ ಹೇಳಿದ.

ಇನ್‌ಸ್ಪೆಕ್ಟರು ಎರಡು ಹೆಜ್ಜೆ ಮುಂದೆ ಬಂದರು. ಈಗ ಹೇಳಿಬಿಡಬೇಕು, ಆದದ್ದಾಗಲಿ ಅನ್ನಿಸಿತು. ಆಕೆ ಮಗನ ಭುಜದ ಹಿಂದಿನಿಂದ ಅವರನ್ನು ನೋಡಿ, ಬೇಡ ಎಂದು ತಲೆಯಾಡಿಸಿದರು. ಮಗ ಕಾರು ತರಲು ಹೋದ.

“ಜಾಮೀನು ಬೇಡ ಅಂದ್ರೆ ಒಳಗೇ ಇಟ್ಕೊಳ್ತಾರಾ?” ಎಂದು ಆಕೆ ಮೆಲ್ಲಗೆ ಕೇಳಿದರು.

“ಇಟ್ಕೊಳ್ತಾರೆ. ಬೇಡ ಅಂತೀರಾ?”

ಆಕೆ ಯೋಚಿಸಿದರು. “ಯಾಕಮ್ಮ ಅಂತ ಕೇಳ್ತಾನಲ್ಲ ಅವನು,” ಅಂದರು. ಕಾರು ಬಂತು. ಮಗ ಜೋಪಾನವಾಗಿ ಕೈ ಹಿಡಿದು ಮೆಟ್ಟಿಲಿಳಿಸಿದ.

ಸಹಾಯಕಿ ಹುಡುಗಿಗೆ ಡಾಕ್ಟರು ಕೆಲಸ ವಾಪಸ್ ಕೊಟ್ಟರು. ಇನ್‌ಸ್ಪೆಕ್ಟರೇ ಹೋಗಿ ಹೇಳಿದ್ದರಿಂದ ಅಷ್ಟಾದರೂ ಆಯಿತು. ದೋಷಾರೋಪ ಪಟ್ಟಿಯಲ್ಲಿ ಕಳವಿಗೆ ಕಾರಣ ಬರೆಯುವಾಗ, ಗಂಡನಿಗೆ ಆಯ್ದ ಚಿಕಿತ್ಸೆಯ ಬಗ್ಗೆ ಆರೋಪಿಗೆ ಒಪ್ಪಿಗೆಯಿರಲಿಲ್ಲ ಎಂದಷ್ಟೇ ಬರೆದರು. ಬರೆದು, ಓದಿ, ಸಹಿ ಹಾಕಿದರು.

ಆ ಗುರುವಾರ ಹೊಸ ಹಲ್ಲು ಬಿಗಿದದ್ದಾಯಿತು ಎಂಬ ಸುದ್ದಿ ಬಂತು. ಅಂದು ಸಂಜೆ ಇನ್‌ಸ್ಪೆಕ್ಟರು ರೇಡಿಯೊನ ಗಸ್ತನ್ನು ಆ ಬೀದಿಗೆ ಹಾಕಿದರು. ಏನು ನೋಡಬೇಕು ಸರ್ ಎಂದು ಅವನು ಕೇಳಿದ. ಸುಮ್ಮನೆ ನೋಡಿಕೊಂಡು ಬಾ ಅಂದರು.

ಶುಕ್ರವಾರ ಬೆಳಗ್ಗೆ ರೇಡಿಯೊ ಬಂದು ಮೇಜಿನ ಮುಂದೆ ನಿಂತ. ಸದ್ದುಗದ್ದಲವೇನೂ ಕೇಳಲಿಲ್ಲ ಅಂದ. ಅಡುಗೆಮನೆಯಲ್ಲಿ ಮಾತ್ರ ಬೆಳಗಾಗುವವರೆಗೂ ದೀಪ ಉರಿಯುತ್ತಿತ್ತು.

“ಆಯಮ್ಮ ಕುರ್ಚಿ ಹಾಕ್ಕೊಂಡು ಕೂತಿದ್ರು ಸರ್. ನಾನು ಹಿಂದಿನ ಕಿಟಕಿ ಹತ್ರ ಮೂರು ಸಲ ಹೋದೆ. ಮೂರು ಸಲಾನೂ ಹಾಗೇ ಕೂತಿದ್ರು.”