ಟೆಕ್ಸಾಸಿನವನು ತಂದ ಮೆಟ್ಟಿಲುಗಲ್ಲು

ಶನಿವಾರ ಸಂಜೆ ಹಳೇ ಶಾಲೆಯ ಹಾಲ್‌ನಲ್ಲಿ ಬ್ಯಾಂಜೊ ಶುರುವಾದರೆ ಡೆಲ್ಫಿಯಾಳ ಕಾಲು ಅವಳ ಮಾತು ಕೇಳುವುದಿಲ್ಲ. ನೆಲಕ್ಕೆ ಹಾಸಿದ ಹಲಗೆ ಹತ್ತಿ, ಕೈ ಇಳಿಬಿಟ್ಟು, ಮೈ ಅಲುಗಿಸದೆ, ಬರೀ ಹಿಮ್ಮಡಿ ಮುಂಗಾಲುಗಳಲ್ಲೇ ತಾಳ ಕುಟ್ಟುತ್ತಾಳೆ. ಕೆಂಟಕಿಯ ಈ ಕಣಿವೆಯಲ್ಲಿ ಕುಣಿಯುವುದೇ ಹೀಗೆ, ಒಬ್ಬೊಬ್ಬರೇ.

ಅಂಥ ಹೊತ್ತಿನಲ್ಲಿ ಅಗಲ ಹ್ಯಾಟಿನವನೊಬ್ಬ ಹಲಗೆಯ ಅಂಚಿಗೆ ಬಂದು ಕೈ ಚಾಚಿದ.

"ಬರ್ತೀರಾ?"

"ಎಲ್ಲಿಗೆ?"

ಸೇರಿದ್ದವರೆಲ್ಲ ನಕ್ಕರು. ಅವನ ಕಿವಿ ಕೆಂಪಾಯಿತು. "ಕುಣಿಯೋಕೆ. ನಮ್ಮ ಟೆಕ್ಸಾಸಲ್ಲಿ ಕೈ ಹಿಡ್ಕೊಂಡೇ ಕುಣಿಯೋದು."

"ಯಾಕೆ, ನಿಮ್ಮೂರವರಿಗೆ ಅವರವರ ಕಾಲ ಮೇಲೆ ನಿಲ್ಲೋಕೆ ಬರಲ್ವಾ?"

"ಬಯಲು ಕಣ್ರೀ ನಮ್ದು. ಹಿಡ್ಕೊಳ್ಳದಿದ್ರೆ ಗಾಳಿ ಎತ್ಕೊಂಡು ಹೋಗುತ್ತೆ."

ಡೆಲ್ಫಿಯಾ ನಗು ತಡೆಯಲು ತುಟಿ ಕಚ್ಚಿದಳು. ತಡೆದದ್ದನ್ನು ಅವನು ನೋಡಿಬಿಟ್ಟ. ನೋಡಿದನಲ್ಲ ಎಂದು ಅವಳಿಗೂ ಗೊತ್ತಾಯಿತು. ಪಿಟೀಲಿನವನು ಬೇಕೆಂದೇ ಹಾಡನ್ನು ಎಳೆದ.

ಹೆಸರು ವೆಲ್ಡನ್. ಕಲ್ಲಿದ್ದಲು ಕಂಪನಿಯ ಬುಲ್ಡೋಜರ್ ಓಡಿಸಲು ಬಂದವನು. ಅದನ್ನು ಕೇಳಿದಾಗ ಅವಳ ನಗು ಅರ್ಧಕ್ಕೆ ನಿಂತಿತು. ಅವಳ ಅಪ್ಪನ ಕಾಲದಲ್ಲಿ ಬೆಟ್ಟದ ಹೊಟ್ಟೆಗೆ ಇಳಿದು ಕಲ್ಲಿದ್ದಲು ತೆಗೆಯುತ್ತಿದ್ದರು. ಈಗ ಬೆಟ್ಟದ ತಲೆಯನ್ನೇ ಸಿಡಿಸಿ, ಬೋಳಿಸಿ, ಹಳ್ಳಕ್ಕೆ ತುಂಬುತ್ತಾರೆ.

ಆದರೂ ಅವನು ಬಂದ. ವಸಂತದ ಸಂಜೆಗಳಲ್ಲಿ, ಕಾಡಿನಲ್ಲಿ ಡಾಗ್‌ವುಡ್ ಮರಗಳು ಹೂಬಿಟ್ಟು ಬೆಳ್ಳಗೆ ತೇಲುತ್ತಿರುವಂತೆ ಕಾಣುವ ಹೊತ್ತಿಗೆ, ಓಸೀ ಅಜ್ಜಿಯ ಜಗಲಿಗೆ ಗಿಟಾರ್ ಹಿಡಿದು ಬಂದ. ಡೆಲ್ಫಿಯಾಳನ್ನು ಸಾಕಿದ್ದು ಆ ಅಜ್ಜಿಯೇ. ಅಜ್ಜಿ ಅವನ ಮಡಿಲಿಗೂ ಒಂದು ರಾಶಿ ಹುರುಳಿಕಾಯಿ ಹಾಕಿ, "ನಾರು ತೆಗಿ, ಟೆಕ್ಸಾಸಪ್ಪ. ಪುಕ್ಕಟೆ ಕೂರೋಕೆ ಇದು ನಿಮ್ಮೂರಿನ ಬಾರ್ ಅಲ್ಲ" ಅನ್ನುತ್ತಿದ್ದಳು.

"ನಿಮ್ಮ ಕಡೆ ಹಾಡಲ್ಲಿ ಒಬ್ಬನೂ ಮನೇಲಿರಲ್ಲ ನೋಡು," ಡೆಲ್ಫಿಯಾ ಕೆಣಕುತ್ತಿದ್ದಳು. "ಕುದುರೆ ಮೇಲೆ, ಇಲ್ಲ ಟ್ರಕ್ಕಲ್ಲಿ."

"ನಿಮ್ಮ ಕಡೆ ಹಾಡಲ್ಲಿ ಒಬ್ಬನೂ ಬದುಕಿರಲ್ಲ. ಮೂರನೇ ಚರಣದೊಳಗೆ ಎಲ್ಲರನ್ನೂ ಹೂಳಿರ್ತೀರ."

ಅಜ್ಜಿ ಕಾಯಿ ಬಿಟ್ಟು ಕೈ ತಟ್ಟಿ ನಕ್ಕಳು.

"ನಿಜ ಹೇಳ್ಲಾ?" ಅಂದ ಅವನು ಒಂದು ಸಂಜೆ, ತಂತಿಯ ಮೇಲೆ ಬೆರಳಿಟ್ಟು. "ನಮ್ಮ ಡಾನ್ಸ್ ಹಾಲಲ್ಲಿ ಬೆಟ್ಟದ ಮನೆ ಹಾಡು ಬಂದ್ರೆ ಗಂಡಸರೆಲ್ಲ ಅಳೋರು. ಬೆಟ್ಟ ಒಬ್ಬರೂ ನೋಡಿರ್ಲಿಲ್ಲ."

"ನೀನೀಗ ನೋಡ್ತಿದ್ದೀಯಲ್ಲ. ಬುಲ್ಡೋಜರ್ ಸೀಟಿಂದ."

ಅವನ ಬೆರಳು ನಿಂತಿತು. ಡೆಲ್ಫಿಯಾಳಿಗೆ ಆಡಿದ ಮಾತು ತನ್ನ ನಾಲಗೆಗೇ ಕಹಿಯಾಯಿತು, ಆದರೆ ವಾಪಸು ತೆಗೆದುಕೊಳ್ಳಲಿಲ್ಲ. ಯಾಕೆ ತೆಗೆದುಕೊಳ್ಳಬೇಕು? ದೇಶಕ್ಕೆ ದೇಶವೇ ರೇಡಿಯೋದಲ್ಲಿ ಬೆಟ್ಟದ ಹಾಡು ಕೇಳಿ ಕಣ್ಣೊರೆಸಿಕೊಳ್ಳುತ್ತದೆ, ಆ ರೇಡಿಯೋ ಹಾಡಲು ಬೇಕಾದ ಕರೆಂಟಿಗೆ ಅದೇ ಬೆಟ್ಟವನ್ನು ಸುಡುತ್ತದೆ. ಇದು ಪ್ರೀತಿಯಾದರೆ ದರೋಡೆ ಯಾವುದು?

ಅವನು ಮಾತ್ರ ಹೊರಡುವಾಗ ಜಗಲಿಯ ಮುರುಕು ಮೆಟ್ಟಿಲನ್ನು ನೋಡುತ್ತ ನಿಂತಿದ್ದ. ಮರ ಕೊಳೆತು, ಅಜ್ಜಿ ಇಳಿಯುವಾಗಲೆಲ್ಲ ಮೊಮ್ಮಗಳ ತೋಳು ಹಿಡಿಯುತ್ತಿದ್ದಳು.

ವರ್ಷಕ್ಕೊಮ್ಮೆ ಗುಡ್ಡದ ತುದಿಯ ಗೋರಿಗಳಿಗೆ ಹೂವಿಡುವ ಭಾನುವಾರಕ್ಕೆ ಒಂದೇ ದಿನ ಉಳಿದಿತ್ತು. ಅಜ್ಜಿ ಒಳಗೆ ಕೂತು ಕಾಗದದ ಗುಲಾಬಿಗಳನ್ನು ಮೇಣದಲ್ಲಿ ಅದ್ದುತ್ತಿದ್ದಳು. ಹೊರಗೆ ಟ್ರಕ್ ನಿಂತ ಸದ್ದಾಯಿತು. ಡೆಲ್ಫಿಯಾ ತೊರೆಯಿಂದ ನೀರು ತರುವಷ್ಟರಲ್ಲಿ ವೆಲ್ಡನ್ ಮುರುಕು ಮರ ಕಿತ್ತು, ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಕೂರಿಸಿ, ಬೆವರು ಒರೆಸಿಕೊಳ್ಳುತ್ತಿದ್ದ. ಶಾಲೆಯಲ್ಲಿ ಬಹುಮಾನ ಗೆದ್ದ ಹುಡುಗನ ಮುಖ.

"ಅಜ್ಜೀ, ಬಂದು ಕಾಲಿಡಿ. ಅಲ್ಲಾಡಿದ್ರೆ ಕೇಳಿ."

ಅಜ್ಜಿ ಬಂದಳು. ಕಾಲು ಮುಂದಿಟ್ಟಳು. ಊರಲಿಲ್ಲ. ಕಂಬ ಹಿಡಿದು ನಿಧಾನಕ್ಕೆ ಕುಕ್ಕರಿಸಿ, ಎಲ್ಲಕ್ಕಿಂತ ಚಿಕ್ಕ ಕಲ್ಲಿನ ಪಾಚಿಯನ್ನು ಬೆರಳಿನಿಂದ ಸವರಿದಳು.

"ಇದು ನಮ್ಮ ಆರ್ಲೀನಾ," ಅಂದಳು. "ನನ್ನ ಮೊದಲ ಮಗು. ನಾಯಿಕೆಮ್ಮಲ್ಲಿ ಹೋಯ್ತಲ್ಲ, ಆ ಮಗು."

ಡೆಲ್ಫಿಯಾಳ ಕೈಯ ಬಕೆಟ್ಟಿನ ನೀರು ಕಾಲ ಮೇಲೆ ಚೆಲ್ಲಿತು.

"ಎಲ್ಲಿ ಸಿಕ್ತು ಇವು ನಿಂಗೆ?"

"ಗುಡ್ಡದ ತುದೀಲಿ," ಅವನ ದನಿ ಉಡುಗಿತ್ತು. "ಸೋಮವಾರ ಅಲ್ಲಿ ಕೆಲಸ ಶುರು, ಅದಕ್ಮುಂಚೆ ಕಲ್ಲೆಲ್ಲ ತೆಗೆದು ಚೊಕ್ಕ ಮಾಡು ಅಂದ್ರು. ಒಳ್ಳೇ ಕಲ್ಲು, ಸುಮ್ನೆ ವೇಸ್ಟ್ ಆಗುತ್ತೆ ಅಂತ..."

"ಗೋರಿ ಇದ್ದಲ್ಲಿಗೆ ಯಂತ್ರ ಬರೋ ಹಾಗಿಲ್ಲ, ಕಾನೂನಿದೆ. ಕಲ್ಲೇ ಇಲ್ಲ ಅಂದ್ರೆ ಗೋರೀನೂ ಇಲ್ಲ. ಇಷ್ಟೂ ಗೊತ್ತಿರಲಿಲ್ವಾ ನಿಂಗೆ?" ಅವಳು ಹತ್ತಿರ ಬಂದಳು. "ಯಾರು ಕಳಿಸಿದ್ದು ನಿನ್ನ? ಆವತ್ತು ಕುಣಿಯೋಕೆ ಕೈ ಚಾಚಿದ್ದೂ ಕಂಪನಿ ಕೆಲಸಾನೇನಾ?"

"ಕಲ್ಲಲ್ಲಿ ಹೆಸರಿಲ್ವಲ್ಲ ಡೆಲ್ಫಿಯಾ! ನಮ್ಮೂರಲ್ಲಿ ಗೋರಿ ಅಂದ್ರೆ ಅಮೃತಶಿಲೆ, ಹೆಸರು, ಕಬ್ಬಿಣದ ಬೇಲಿ..."

"ಅಕ್ಷರ ಕೆತ್ತಿಸೋಕೆ ಇವರ ಕೈಲಿ ಏನಿತ್ತು? ಊರಿಗೆಲ್ಲ ಕಲ್ಲಿದ್ದಲು ತೆಗೆದು ಕೊಟ್ಟು, ತಾವು ಮಸಿ ಉಗುಳ್ತಾ ಸತ್ತೋರು. ಯಾರ ಕಲ್ಲು ಯಾವುದು ಅಂತ ನಮಗೆ ಗೊತ್ತಿತ್ತು. ಅಷ್ಟೇ ಸಾಕಾಗಿತ್ತು."

ಅವನು ಬಗ್ಗಿ ಆ ಚಿಕ್ಕ ಕಲ್ಲನ್ನು ಎತ್ತಿಕೊಂಡ, ನಿದ್ದೆಹೋದ ಮಗುವನ್ನು ಎತ್ತಿಕೊಳ್ಳುವ ಹಾಗೆ. ಟ್ರಕ್ಕಿನ ಕಡೆ ತಿರುಗಿದ.

"ಟ್ರಕ್ಕಲ್ಲಿ ಬೇಡ," ಅಂದಳು ಅಜ್ಜಿ. "ನಮ್ಮೋರು ಗುಡ್ಡ ಹತ್ತೋದು ಹೆಗಲ ಮೇಲೆ."

ಆ ದಿನವಿಡೀ ಅವನು ಕಾಲುದಾರಿಯಲ್ಲಿ ಹತ್ತಿದ, ಇಳಿದ, ಮತ್ತೆ ಹತ್ತಿದ. ಅಂಗಿ ಹರಿಯಿತು, ಹೆಗಲು ಸುಲಿಯಿತು. ಡೆಲ್ಫಿಯಾ ಅಜ್ಜಿಯನ್ನು ನಡೆಸಿಕೊಂಡು ಹಿಂದೆ ಬಂದಳು. ಬಿಸಿಲು ಎಲೆಗಳ ನಡುವೆ ಜಾರಿ ಅವನ ಬೆನ್ನಿನ ಮೇಲೆ ಬಿದ್ದು ಏಳುತ್ತಿದ್ದುದನ್ನು ನೋಡದಿರಲು ಅವಳಿಂದ ಆಗಲಿಲ್ಲ. ಸಿಟ್ಟು ಒಂದು ಕಡೆ, ಕಣ್ಣು ಇನ್ನೊಂದು ಕಡೆ.

ತುದಿಯಲ್ಲಿ ಅಜ್ಜಿ ಹುಲ್ಲಿನ ತಗ್ಗುಗಳನ್ನು ಪಾದದಿಂದಲೇ ಗುರುತಿಸಿದಳು. "ಇಲ್ಲಿ ನೆಡು. ಮುಖ ಪೂರ್ವಕ್ಕೆ. ಇವರು ನಮ್ಮ ಮಾವ, ಗಣಿ ಕುಸಿದು ಹೋದ್ರು. ಇವಳು ಹ್ಯಾಸ್ಸೀ ಅತ್ತೆ. ಬೈಗುಳದಲ್ಲಿ ಇವಳನ್ನ ಮೀರಿಸೋರಿರಲಿಲ್ಲ, ನಿಧಾನಕ್ಕೆ ನಿಲ್ಲಿಸಪ್ಪ." ಪ್ರತಿ ಹೆಸರನ್ನೂ ವೆಲ್ಡನ್ ಮೆಲ್ಲಗೆ ತಿರುಗಿ ಹೇಳಿಕೊಂಡ.

ಭಾನುವಾರ ಕಣಿವೆಯ ಜನರೆಲ್ಲ ಹೂ ಹಿಡಿದು ಬಂದರು. ವಾದ್ಯವಿಲ್ಲ. ಹಿರಿಯನೊಬ್ಬ ಸಾಲು ಎತ್ತಿಕೊಟ್ಟ, ಉಳಿದವರು ಎಳೆದು ಹಾಡಿದರು. ಮಂಜು ಕಣಿವೆಯಿಂದ ಏಳುತ್ತ ಆ ಹಾಡಿನೊಳಗೇ ಬೆರೆಯಿತು. ಅಷ್ಟರಲ್ಲಿ ಕಂಪನಿಯ ಸೂಪರ್‌ವೈಸರ್ ಜೀಪಿಳಿದು ಬಂದ.

"ಎಲ್ಲಿಂದಲೋ ಕಲ್ಲು ತಂದು ನೆಟ್ಟರೆ ಗೋರಿ ಆಗಲ್ಲ. ನಿನ್ನೆ ಇಲ್ಲಿ ಏನೂ ಇರಲಿಲ್ಲ. ಹೇಳೋ ವೆಲ್ಡನ್, ನೀನೇ ತಾನೇ ಚೊಕ್ಕ ಮಾಡಿದ್ದು?"

ಎಲ್ಲರೂ ತಿರುಗಿದರು. ಡೆಲ್ಫಿಯಾ ವೆಲ್ಡನ್‌ನನ್ನೇ ನೋಡಿದಳು. ಇಲ್ಲಿ ಗೋರಿ ಇರಲಿಲ್ಲ ಎಂದು ಅವನು ಒಂದು ಮಾತು ಹೇಳಿದರೆ ಗುಡ್ಡವೂ ಹೋಗುತ್ತದೆ, ತನ್ನ ಪಾಲಿಗೆ ಅವನೂ ಹೋಗುತ್ತಾನೆ.

ವೆಲ್ಡನ್ ಹ್ಯಾಟ್ ತೆಗೆದ. "ಇವಳು ಆರ್ಲೀನಾ. ಎಳೇ ಮಗು. ಇವರು ಅಜ್ಜಿ ಮಾವ. ಇವಳು ಹ್ಯಾಸ್ಸೀ, ಈಗ ನಿನಗೆ ಬೈತಿರಬೇಕು." ಒಂದೊಂದೇ ಕಲ್ಲಿನ ಮುಂದೆ ನಡೆದ, ಒಂದು ಹೆಸರೂ ತಪ್ಪಲಿಲ್ಲ. "ಇಲ್ಲಿಂದಾನೇ ಕಿತ್ತವನು ನಾನು. ಯಾವ ಕೋರ್ಟಲ್ಲಿ ಬೇಕಾದ್ರೂ ಹೇಳ್ತೀನಿ. ಕೀಳು ಅಂದವನ ಹೆಸರೂ ಹೇಳ್ತೀನಿ."

"ನಾಳೆಯಿಂದ ಕೆಲಸಕ್ಕೆ ಬರಬೇಡ!"

"ಇವತ್ತಿಂದಾನೇ ಬರಲ್ಲ."

ಜೀಪು ಇಳಿದು ಹೋಯಿತು. ಹುಲ್ಲಿನ ಮೇಲೆ ಬಟ್ಟೆ ಹಾಸಿ ಜೋಳದ ರೊಟ್ಟಿ, ಹುರಿದ ಕೋಳಿ ಬಿಚ್ಚಿದರು. ವೆಲ್ಡನ್ ಊಟಕ್ಕೆ ಬರದೆ ದೂರದ ಓಕ್ ಮರದ ಕೆಳಗೆ ಕೂತಿದ್ದ. ಡೆಲ್ಫಿಯಾ ತಟ್ಟೆ ಹಿಡಿದು ಹೋದಳು.

"ಟೆಕ್ಸಾಸಿಗೆ ಯಾವಾಗ?"

"ಕೆಲಸ ಇಲ್ವಲ್ಲ. ನಾಳೆ ಹೊರಡಬೇಕು." ಕಣ್ಣೆತ್ತಿದ. "ಹೋಗೋಕೆ ಮನಸ್ಸಿಲ್ಲ. ನಿನ್ನ ಬಿಟ್ಟು ಹೋಗೋಕೆ ಮನಸ್ಸಿಲ್ಲ ಡೆಲ್ಫಿಯಾ. ಆದ್ರೆ ಇರ್ತೀನಿ ಅನ್ನೋಕೆ ಯಾವ ಮುಖ ಇದೆ ನಂಗೆ?"

ಅವಳು ಅವನನ್ನು ಎಬ್ಬಿಸಿ, ಗೋರಿಗಳ ಸಾಲು ಮುಗಿದು ಬರೀ ಹುಲ್ಲಿರುವ ಕಡೆಗೆ ಕರೆದೊಯ್ದಳು.

"ಇದು ನನ್ನ ಜಾಗ. ಹುಟ್ಟಿದಾಗಲೇ ತೋರಿಸಿಟ್ಟಿದ್ದಾರೆ."

ಅವನು ತಲೆಯಾಡಿಸಿದ.

"ಪಕ್ಕದ್ದು ಖಾಲಿ ಇದೆ," ಅಂದಳು ಡೆಲ್ಫಿಯಾ, ದೂರದ ಬೆಟ್ಟ ನೋಡುತ್ತ.

ಅವನು ಹುಲ್ಲು ನೋಡಿದ. ಅವಳ ಮುಖ ನೋಡಿದ. ಮತ್ತೆ ಹುಲ್ಲು ನೋಡಿದ.

"ಏ ಟೆಕ್ಸಾಸಪ್ಪ!" ಅಜ್ಜಿ ಕೋಳಿಕಾಲು ಬೀಸಿ ಕೂಗಿದಳು. "ಇದಕ್ಕಿಂತ ಬಿಡಿಸಿ ನಮ್ಮ ಕಡೆ ಹೆಣ್ಮಕ್ಕಳು ಹೇಳಲ್ಲ ಕಣೋ! ಹ್ಞೂಂ ಅನ್ನು, ಊಟ ಆರ್ತಿದೆ!"

ವೆಲ್ಡನ್ ಆ ಖಾಲಿ ಜಾಗದಲ್ಲಿ ಉದ್ದಕ್ಕೆ ಮಲಗಿ ಅಳತೆ ನೋಡಿದ.

"ಕಾಲು ಹೊರಗೆ ಬರುತ್ತಲ್ಲೇ ನಂದು."

"ಬೂಟು ಬಿಚ್ಚು."

ಅವಳೂ ತನ್ನ ಜಾಗದಲ್ಲಿ ಮಲಗಿದಳು. ಸುತ್ತಲಿನ ಜನ ಶಿಳ್ಳೆ ಹೊಡೆದರು. ಮೇಲೆ ಮೋಡಗಳು ಯಾವ ಅವಸರವೂ ಇಲ್ಲದೆ ಗುಡ್ಡ ದಾಟುತ್ತಿದ್ದವು. ಇಬ್ಬರ ನಡುವೆ ಒಂದು ಗೇಣು ಹುಲ್ಲಿತ್ತು. ಸ್ವಲ್ಪ ಹೊತ್ತಿಗೆ ಅದೂ ಇರಲಿಲ್ಲ.